ಮೆಟ್ಟಿಲು ಕಡಿದವರು: ಆಲ್ಪ್ಸ್‌ನ ಹಿಮದ ಕೊರಕಲುಗಳಲ್ಲಿ ಆರೋಹಣದ ಚರಿತ್ರೆ

ಆಲ್ಪ್ಸ್ ಪರ್ವತಗಳ ನಕಾಶೆ ಬಿಡಿಸಿದರೆ ವಿಂಪರ್ ಕುಲ್ವಾರ್, ಕೊರ್ದಿಯೇ ಕುಲ್ವಾರ್, ಪಲ್ಲವಿಚೀನಿ ಕುಲ್ವಾರ್, ಮರಿನೆಲ್ಲಿ ಕುಲ್ವಾರ್, ಕುತುರಿಯೇ ಕುಲ್ವಾರ್ ಎಂಬ ಹೆಸರುಗಳು ಕಾಣುತ್ತವೆ. ಶಿಖರದ ಮೈಯನ್ನು ಮೇಲಿಂದ ಕೆಳಗೆ ಸೀಳಿದಂತಿರುವ, ಹಿಮ ಮತ್ತು ಮಂಜುಗಡ್ಡೆ ತುಂಬಿದ ಕಡಿದಾದ ಕೊರಕಲನ್ನು ಪರ್ವತಾರೋಹಿಗಳು ಕುಲ್ವಾರ್ ಎನ್ನುತ್ತಾರೆ. ಈ ಐದೂ ಹೆಸರುಗಳು ಹಣ ಕೊಟ್ಟು ಗೈಡ್‌ಗಳನ್ನು ಕರೆದುಕೊಂಡು ಹೋದವರವು. ಹಗ್ಗದ ಮೊದಲ ತುದಿಯಲ್ಲಿ ನಿಂತು ದಾರಿ ಮಾಡಿದವರ ಹೆಸರು ಒಂದೂ ಇಲ್ಲ. ಸ್ಥಳನಾಮಗಳಲ್ಲಿ ಇಂಥ ಅನ್ಯಾಯ ಎಲ್ಲೆಡೆ ಇದ್ದದ್ದೇ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಕುಲ್ವಾರ್‌ನ ವಿಷಯದಲ್ಲಿ ಹಾಗೆ ಬಿಟ್ಟರೆ ಚರಿತ್ರೆಯೇ ಅರ್ಥವಾಗುವುದಿಲ್ಲ. ಅಲ್ಲಿ ಎಲ್ಲವೂ ನಿಂತಿದ್ದದ್ದು ಒಂದೇ ಪ್ರಶ್ನೆಯ ಮೇಲೆ: ಆ ಕೊರಕಲಿನೊಳಗೆ ಎಷ್ಟು ಗಂಟೆ ಇರಬೇಕಾಗುತ್ತದೆ? ಆ ಗಂಟೆಗಳನ್ನು ಮೊದಲು ತೋಳಿನ ಬಲದಿಂದ ಗೆದ್ದವರು ಗೈಡ್‌ಗಳು. ಕಮ್ಮಾರರ ಮತ್ತು ಎಂಜಿನಿಯರರ ಸರದಿ ಬಂದದ್ದು ಆಮೇಲೆ.

ಸಮಯ ಯಾಕೆ ಅಷ್ಟು ಮುಖ್ಯ ಎಂಬುದನ್ನು ಕೊರಕಲಿನ ಸ್ವಭಾವದಿಂದಲೇ ತಿಳಿಯಬೇಕು. ಬಂಡೆಯ ಗೋಡೆಗಳ ಮೇಲೆ ಬಿದ್ದ ಹಿಮ ನಿಲ್ಲಲಾರದೆ ಜಾರಿ ಕೊರಕಲಿಗೆ ಸೇರುತ್ತದೆ. ಅಲ್ಲಿ ಪದರ ಪದರವಾಗಿ ಒತ್ತಿಕೊಂಡು, ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾಗುತ್ತದೆ. ಹೀಗಾಗಿ ಬಂಡೆಯಲ್ಲಿ ದಾರಿ ಸಿಗದ ಕಡೆ ಕೊರಕಲಿನಲ್ಲಿ ದಾರಿ ಸಿಗುತ್ತದೆ. ಆದರೆ ಹಿಮ ಬಂದ ದಾರಿಯಲ್ಲೇ ಕಲ್ಲೂ ಬರುತ್ತದೆ. ರಾತ್ರಿಯ ಚಳಿಯಲ್ಲಿ ಮಂಜುಗಡ್ಡೆ ಹಿಡಿದಿಟ್ಟುಕೊಂಡಿದ್ದ ಸಡಿಲ ಬಂಡೆಗಳನ್ನು ಬೆಳಗಿನ ಬಿಸಿಲು ಬಿಡಿಸುತ್ತದೆ. ಎರಡೂ ಬದಿಯ ಗೋಡೆಗಳಿಂದ ಕಳಚಿದ್ದೆಲ್ಲ ಕೊರಕಲಿನ ನಡುಗಾಲುವೆಗೇ ಬೀಳುತ್ತದೆ, ಮತ್ತು ಒಳಗಿರುವವರಿಗೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಅದಕ್ಕೇ ಹಿಂದೆಯೂ ಇಂದೂ ನಡುರಾತ್ರಿಯಲ್ಲಿ ಹೊರಟು, ಬುಡದಲ್ಲಿ ಹಿಮನದಿ ಬೆಟ್ಟದಿಂದ ಬೇರ್ಪಡುವ ದೊಡ್ಡ ಬಿರುಕನ್ನು ಕತ್ತಲಲ್ಲೇ ದಾಟಿ, ಬಿಸಿಲು ತಾಗುವ ಮೊದಲು ಮೇಲೆ ಮುಟ್ಟುವುದು ಪದ್ಧತಿ. ಪೂರ್ವಕ್ಕೋ ದಕ್ಷಿಣಕ್ಕೋ ಮುಖ ಮಾಡಿದ ಕುಲ್ವಾರ್‌ಗಳಲ್ಲಿ ಈ ಅವಧಿ ಇನ್ನೂ ಕಿರಿದು.

ಈ ಚರಿತ್ರೆಗೆ ಸಿಗುವ ಆಕರಗಳ ಸ್ವರೂಪವನ್ನೂ ಇಲ್ಲೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಆರೋಹಣಗಳ ವಿವರ ನಮಗೆ ಬಂದಿರುವುದು ಹೆಚ್ಚಾಗಿ ಆಲ್ಪೈನ್ ಕ್ಲಬ್‌ಗಳ ಪತ್ರಿಕೆಗಳಿಂದ ಮತ್ತು ಪ್ರವಾಸಿಗಳ ಪುಸ್ತಕಗಳಿಂದ. ಗೈಡ್‌ಗಳ ಬಳಿ ಒಂದೊಂದು ದಾಖಲೆ ಪುಸ್ತಕ ಇರುತ್ತಿತ್ತು. ಅದರಲ್ಲೂ ಬರೆಯುತ್ತಿದ್ದವರು ಗೈಡ್‌ಗಳಲ್ಲ, ಅವರನ್ನು ಕರೆದೊಯ್ದ ಪ್ರವಾಸಿಗಳು. ಕ್ರಿಶ್ಚಿಯನ್ ಅಲ್ಮರ್ ಅವರ ಅಂಥ ಪುಸ್ತಕ 1856ರಿಂದ 1894ರವರೆಗಿನ ಬರಹಗಳೊಂದಿಗೆ 1896ರಲ್ಲಿ ಯಥಾಪ್ರತಿಯಾಗಿ ಅಚ್ಚಾಯಿತು. ಅದಕ್ಕೂ ಮೊದಲು, 1887ರಲ್ಲಿ, ಕನಿಂಗ್‌ಹ್ಯಾಮ್ ಮತ್ತು ಆಬ್ನಿ ಎಂಬ ಇಬ್ಬರು ಗೈಡ್‌ಗಳ ಭಾವಚಿತ್ರ ಮತ್ತು ಜೀವನವಿವರ ಸೇರಿಸಿ ‘ದಿ ಪಯನಿಯರ್ಸ್ ಆಫ್ ದಿ ಆಲ್ಪ್ಸ್’ ಎಂಬ ದೊಡ್ಡ ಪುಸ್ತಕವನ್ನೇ ತಂದಿದ್ದರು. ಆದ್ದರಿಂದ ಸಮಕಾಲೀನರು ಗೈಡ್‌ಗಳನ್ನು ಪೂರ್ತಿ ಮರೆತಿದ್ದರು ಎನ್ನುವುದು ಸರಿಯಲ್ಲ. ಗೌರವ ಇತ್ತು. ಆದರೆ ಅದು ಪುಸ್ತಕದಲ್ಲಿ ಉಳಿಯಿತು, ಬೆಟ್ಟದ ಮೇಲಿನ ಹೆಸರಿಗೆ ಏರಲಿಲ್ಲ.

ಮೊಂಬ್ಲಾಂ ಸಾಲಿನ ಎಗ್ವಿಯ್ ವೆರ್ತ್ 4,122 ಮೀಟರ್ ಎತ್ತರದ ಶಿಖರ. ಸುಲಭದ ದಾರಿ ಎಂಬುದು ಅದಕ್ಕೆ ಯಾವ ಕಡೆಯಿಂದಲೂ ಇಲ್ಲ. 1865ರ ಜೂನ್ 29ರಂದು ಎಡ್ವರ್ಡ್ ವಿಂಪರ್ ಅವರು ಗ್ರಿಂಡೆಲ್‌ವಾಲ್ಡ್‌ನ ಕ್ರಿಶ್ಚಿಯನ್ ಅಲ್ಮರ್ ಮತ್ತು ಫ್ರಾಂಜ್ ಬೀನರ್ ಎಂಬ ಇಬ್ಬರು ಸ್ವಿಸ್ ಗೈಡ್‌ಗಳೊಡನೆ ತಾಲೆಫ್ರ್ ಹಿಮನದಿಯ ಕಡೆಯಿಂದ ದೊಡ್ಡ ಕೊರಕಲನ್ನು ಹಿಡಿದು ಅದರ ನೆತ್ತಿ ಮುಟ್ಟಿದರು. 1871ರಲ್ಲಿ ಪ್ರಕಟವಾದ ತಮ್ಮ ‘ಸ್ಕ್ರ್ಯಾಂಬಲ್ಸ್ ಅಮಂಗ್ಸ್ಟ್ ದಿ ಆಲ್ಪ್ಸ್’ ಪುಸ್ತಕದಲ್ಲಿ ಅವರು ಈ ಹತ್ತುವಿಕೆಯ ಜೊತೆಗೇ ಕುಲ್ವಾರ್‌ಗಳ ಬಗ್ಗೆ ಬಿಡಿಸಿ ಬರೆದಿದ್ದಾರೆ. ಕೆಳಗಿನಿಂದ ನೋಡಿದವರಿಗೆ ಅವು ಗೋಡೆಯಂತೆ ಕಂಡು ಎದೆ ನಡುಗಿಸಿದರೂ ಹತ್ತುವವನಿಗೆ ನೇರ ದಾರಿ ಕೊಡುತ್ತವೆ ಎಂಬುದು ಅವರ ಅನುಭವ. ಡೇರೆ ಕಾಯಲು ಬಿಟ್ಟಿದ್ದ ಹೊರೆಯಾಳು ಇವರು ಜೀವಂತ ಮರಳುವುದಿಲ್ಲವೆಂದು ನಂಬಿ ಇದ್ದ ಆಹಾರವನ್ನೆಲ್ಲ ತಿಂದು ಮುಗಿಸಿದ ಪ್ರಸಂಗವೂ ಅದೇ ಪುಸ್ತಕದಲ್ಲಿದೆ. ಆ ನಂಬಿಕೆ ಒಬ್ಬನದೇ ಆಗಿರಲಾರದು ಎಂದು ನನಗನ್ನಿಸುತ್ತದೆ. ಕುಲ್ವಾರ್ ಹತ್ತುವುದೆಂದರೆ ಆ ಕಾಲದ ಕಣಿವೆಯ ಜನಕ್ಕೆ ಏನಾಗಿ ಕಾಣುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಶಾಮೊನಿಯ ಗೈಡ್‌ಗಳಿಗೆ ಈ ಸುದ್ದಿ ಸಹಿಸಲಿಲ್ಲ. ತಮ್ಮ ಊರಿನ ಶಿಖರವನ್ನು ಹೊರಗಿನ ಗೈಡ್‌ಗಳು ಹತ್ತಿದರೆಂದು ಗದ್ದಲವಾಯಿತು. ಹತ್ತಿದ್ದೇ ಸುಳ್ಳು ಎಂದವರೂ ಇದ್ದರು. ಕೆಲವೇ ದಿನಗಳಲ್ಲಿ, ಜುಲೈ 5ರಂದು, ಶಾಮೊನಿಯ ಮಿಷೆಲ್ ಕ್ರೋ ಅವರಿದ್ದ ಇನ್ನೊಂದು ತಂಡ ಮುವಾನ್ ಏಣಿನ ಮೇಲಿನಿಂದ ಅದೇ ಶಿಖರ ಮುಟ್ಟಿತು. ಜುಲೈ 14ರಂದು ಮ್ಯಾಟರ್‌ಹಾರ್ನ್‌ನಲ್ಲಿ ಕ್ರೋ ಸತ್ತರು, ಆ ಬೇಸಿಗೆಯ ಉಳಿದ ಕಥೆಗಳನ್ನೆಲ್ಲ ಆ ದುರಂತ ನುಂಗಿಕೊಂಡಿತು.

ಹನ್ನೊಂದು ವರ್ಷಗಳ ನಂತರ, 1876ರ ಬೇಸಿಗೆ, ಈ ಚರಿತ್ರೆಯಲ್ಲಿ ನಿಂತು ನೋಡಬೇಕಾದ ಕಾಲ. ಜುಲೈ 31ರಂದು ಆನ್ರಿ ಕೊರ್ದಿಯೇ, ಥಾಮಸ್ ಮಿಡಲ್‌ಮೋರ್, ಜಾನ್ ಓಕ್ಲಿ ಮಾಂಡ್ ಅವರು ವೆರ್ತ್ ಶಿಖರವನ್ನು ಅದರ ಬೆನ್ನಿನ ಕಡೆಯಿಂದ, ಆರ್ಜಾಂತಿಯೆರ್ ಹಿಮನದಿಯ ಮೇಲೆ ನೇತಾಡುವ ಕೊರಕಲಿನಿಂದ ಹತ್ತಿದರು. ಯಾಕೋಬ್ ಆಂಡರೆಗ್, ಯೋಹಾನ್ ಯೌನ್, ಆಂಡ್ರಿಯಾಸ್ ಮೌರರ್ ಅವರ ಗೈಡ್‌ಗಳು. ಅದಾದ ಹದಿನೆಂಟು ದಿನಕ್ಕೆ, ಆಗಸ್ಟ್ 18ರಂದು, ಆಲ್ಪ್ಸ್‌ನ ಇನ್ನೊಂದು ತುದಿಯಲ್ಲಿ, ಆಸ್ಟ್ರಿಯಾದ ಅತ್ಯುನ್ನತ ಶಿಖರವಾದ 3,798 ಮೀಟರಿನ ಗ್ರೋಸ್‌ಗ್ಲೋಕ್ನರ್‌ನಲ್ಲಿ ವಿಯೆನ್ನಾದ ಆಲ್ಫ್ರೆಡ್ ಪಲ್ಲವಿಚೀನಿ ಅವರು ಹೈಲಿಗನ್‌ಬ್ಲೂಟ್ ಕಡೆಯ ಮೂವರು ಗೈಡ್‌ಗಳೊಡನೆ, ಪಾಸ್ಟರ್ಸೆ ಹಿಮನದಿಯ ಕಡೆಗೆ ಇಳಿಯುವ ಕೊರಕಲನ್ನು ಹತ್ತಿದರು. ಮುಂದೆ ನಿಂತು ಮೆಟ್ಟಿಲು ಕಡಿದವರು ಹಾನ್ಸ್ ಟ್ರಿಬುಸ್ಸರ್. ಏಳು ಗಂಟೆಗಳಲ್ಲಿ ಅವರು ಸುಮಾರು 2,500 ಮೆಟ್ಟಿಲು ಕಡಿದರೆಂದು ಆಸ್ಟ್ರಿಯಾದ ಪರ್ವತಾರೋಹಣ ಸಾಹಿತ್ಯ ಒಂದೂವರೆ ಶತಮಾನದಿಂದ ಹೇಳುತ್ತ ಬಂದಿದೆ.

ಈ ಎರಡು ಅಂಕಿಗಳನ್ನು ಎಲ್ಲರೂ ಬೆರಗಿನಿಂದ ಉಲ್ಲೇಖಿಸುತ್ತಾರೆ. ಯಾರೂ ಲೆಕ್ಕ ಹಾಕಿ ನೋಡಿದಂತೆ ಕಾಣುವುದಿಲ್ಲ. ಲೆಕ್ಕ ಹಾಕೋಣ. ಕೊರಕಲಿನ ಎತ್ತರ ಸುಮಾರು 600 ಮೀಟರ್. 2,500ರಿಂದ ಭಾಗಿಸಿದರೆ ಮೆಟ್ಟಿಲಿನಿಂದ ಮೆಟ್ಟಿಲಿಗೆ 24 ಸೆಂಟಿಮೀಟರ್. 50 ಡಿಗ್ರಿ ಮೀರಿದ ಇಳಿಜಾರಿನಲ್ಲಿ ಮೊಳೆ ಹೊಡೆದ ಬೂಟು ಹಾಕಿದವನು ಎತ್ತಬಹುದಾದ ಹೆಜ್ಜೆಗೆ ಇದು ಸರಿಯಾಗಿ ಹೊಂದುತ್ತದೆ. ಹಾಗಾಗಿ ಮೆಟ್ಟಿಲುಗಳ ಸಂಖ್ಯೆ ಉತ್ಪ್ರೇಕ್ಷೆಯಲ್ಲ ಎನ್ನಬಹುದು. ಇನ್ನು ಸಮಯ. ಏಳು ಗಂಟೆಯನ್ನು ಹಂಚಿದರೆ ಹತ್ತು ಸೆಕೆಂಡಿಗೆ ಒಂದು ಮೆಟ್ಟಿಲು. ಅದೂ ಉಸಿರು ತೆಗೆದುಕೊಳ್ಳಲು, ಕೈ ಬದಲಿಸಲು, ಮುಂದಿನ ಮೆಟ್ಟಿಲಿಗೆ ಕಾಲಿಡಲು ಬೇಕಾದ ಹೊತ್ತನ್ನೂ ಸೇರಿಸಿ. ಗಾಜಿನಂಥ ಗಟ್ಟಿ ಮಂಜುಗಡ್ಡೆಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಒಂದು ಮೆಟ್ಟಿಲಿಗೇ ಹತ್ತಾರು ಏಟು ಬೇಕು. ಆದ್ದರಿಂದ ಆ ದಿನ ಕೊರಕಲಿನ ಹೆಚ್ಚಿನ ಭಾಗದಲ್ಲಿ ಇದ್ದದ್ದು ಬರಿಯ ಮಂಜುಗಡ್ಡೆಯಲ್ಲ, ನಾಲ್ಕೈದು ಏಟಿಗೆ ಮೆಟ್ಟಿಲಾಗುವ ಹಳೆಯ ಬಿಗಿ ಹಿಮ ಎಂದು ನಾನು ಊಹಿಸುತ್ತೇನೆ. ಆಗಸ್ಟ್ ಮಧ್ಯದಲ್ಲಿ ಆ ಕೊರಕಲು ಹಿಮ ತುಂಬಿಕೊಂಡಿತ್ತು ಎಂಬುದು ಇಂದು ಗ್ಲೋಕ್ನರ್ ನೋಡಿದವರಿಗೆ ಸಣ್ಣ ಮಾತಲ್ಲ.

ಆ ಕೆಲಸ ಹೇಗಿತ್ತೆಂದು ಹತ್ತಿರದಿಂದ ನೋಡಬೇಕು. ಅಂದಿನ ಹಿಮಗೊಡಲಿಗೆ ಎದೆಮಟ್ಟದ ಮರದ ಹಿಡಿ. ತಲೆಯಲ್ಲಿ ಒಂದು ಕಡೆ ಚೂಪು ಕೊಕ್ಕು, ಇನ್ನೊಂದು ಕಡೆ ಗುದ್ದಲಿಯಂಥ ಅಗಲ ಅಲಗು. ಕೊಕ್ಕಿನಿಂದ ಗಡ್ಡೆಯನ್ನು ಒಡೆದು, ಅಲಗಿನಿಂದ ಕೆರೆದು ತಳವನ್ನು ಒಳಗಡೆಗೆ ವಾಲುವಂತೆ ಮಾಡಬೇಕು. ಹೊರಗಡೆಗೆ ವಾಲಿದರೆ ಬೂಟು ಜಾರುತ್ತದೆ. ಇಳಿಜಾರು ಹೆಚ್ಚಿದ ಹಾಗೆ ಮಂಡಿ ಬೆಟ್ಟಕ್ಕೆ ತಾಗಿ ಆಚೆಗೆ ನೂಕುವುದರಿಂದ ಮೆಟ್ಟಿಲನ್ನು ಗೂಡಿನಂತೆ ಆಳಕ್ಕೆ ತೋಡಬೇಕು, ಕೈ ಹಿಡಿಯಲು ಮೇಲೊಂದು ಗುಳಿ ಬೇರೆ. ಒಂದು ಕೈ ಆ ಗುಳಿಯಲ್ಲಿ, ಇನ್ನೊಂದು ಕೈಯಲ್ಲಿ ಉದ್ದ ಹಿಡಿಯ ಕೊಡಲಿ. ಕಡಿದ ಚೂರುಗಳು ಸಿಡಿದು ಕೆಳಗೆ ಹಗ್ಗದಲ್ಲಿ ನಿಂತವರ ಮುಖಕ್ಕೆ, ಬೆರಳಿಗೆ ಬೀಳುತ್ತವೆ. ಕೆಳಗಿನವರಿಗೆ ನಿಂತು ನಿಂತು ಚಳಿ, ಮೇಲಿನವನಿಗೆ ಬೆವರು. ಆಸರೆಗೆ ಹೊಡೆಯಲು ಮಂಜುಗಡ್ಡೆಯ ಮೊಳೆಗಳು ಆಗ ಇರಲೇ ಇಲ್ಲ. ಮೊದಲನೆಯವನು ಜಾರಿದರೆ ಎಲ್ಲರೂ ಹೋದಂತೆಯೇ. ಪಲ್ಲವಿಚೀನಿ ದಾರಿಯನ್ನು ಮತ್ತೆ ಹತ್ತಲು ಎರಡು ದಶಕಕ್ಕೂ ಹೆಚ್ಚು ಕಾಲ ಯಾರೂ ಮುಂದೆ ಬರಲಿಲ್ಲವೆಂದರೆ ಆಶ್ಚರ್ಯವಿಲ್ಲ. ಪಲ್ಲವಿಚೀನಿ ಅವರು 1886ರಲ್ಲಿ ಪಕ್ಕದ ಗ್ಲೋಕ್ನರ್‌ವಾಂಡ್‌ನಲ್ಲಿ ಸಂಗಡಿಗ ಮತ್ತು ಇಬ್ಬರು ಗೈಡ್‌ಗಳೊಡನೆ ಬಿದ್ದು ತೀರಿಕೊಂಡರು.

ಹೆಸರಿನ ಅನ್ಯಾಯ ಅತಿ ತೀಕ್ಷ್ಣವಾಗಿ ಕಾಣುವುದು ಮೊಂಟೆ ರೋಸಾದ ಪೂರ್ವ ಮುಖದಲ್ಲಿ. ಇಟಲಿಯ ಮಕುನ್ಯಾಗ ಕಣಿವೆಯ ಮೇಲೆ ಸುಮಾರು 2,400 ಮೀಟರ್ ಎದ್ದು ನಿಂತಿರುವ ಈ ಗೋಡೆಯನ್ನು 1872ರ ಜುಲೈನಲ್ಲಿ ಮೊದಲು ಹತ್ತಿದ್ದು ಪೆಂಡಲ್‌ಬರಿ ಸೋದರರು ಮತ್ತು ಚಾರ್ಲ್ಸ್ ಟೇಲರ್ ಅವರ ತಂಡ. ಆ ದಾರಿಯಲ್ಲಿ ತಂಡವನ್ನು ನಡೆಸಿದವರು ಫರ್ಡಿನಾಂಡ್ ಇಮ್ಸೆಂಗ್. ಜೊತೆಗೆ ಗಾಬ್ರಿಯೆಲ್ ಷ್ಪೆಖ್ಟನ್‌ಹೌಸರ್ ಮತ್ತು ಜೊವಾನ್ನಿ ಒಬೆರ್ತೊ. ಒಂಬತ್ತು ವರ್ಷದ ಮೇಲೆ, 1881ರ ಆಗಸ್ಟ್ 8ರಂದು, ಅದೇ ಇಮ್ಸೆಂಗ್ ಇಟಲಿಯ ಡಾಮಿಯಾನೊ ಮರಿನೆಲ್ಲಿ ಅವರನ್ನು ಕರೆದುಕೊಂಡು ಅದೇ ಮುಖಕ್ಕೆ ಹೋದರು. ಹಿಮಕುಸಿತಕ್ಕೆ ಸಿಕ್ಕು ಮರಿನೆಲ್ಲಿ, ಇಮ್ಸೆಂಗ್ ಮತ್ತು ಇನ್ನೊಬ್ಬ ಗೈಡ್ ಬಟ್ಟಿಸ್ಟ ಪೆದ್ರಂಜೀನಿ ಮೂವರೂ ಸತ್ತರು. ಕೊರಕಲಿಗೆ ಮರಿನೆಲ್ಲಿ ಹೆಸರು ನಿಂತಿತು. ಸತ್ತವರ ನೆನಪಿಗೆಂದು ಇಟ್ಟ ಹೆಸರು ಅದು; ಅದರ ಬಗ್ಗೆ ತಕರಾರಿಲ್ಲ. ಆದರೆ ದಾರಿ ಕಂಡುಕೊಟ್ಟವರೂ ಅಲ್ಲೇ, ಅದೇ ಕ್ಷಣದಲ್ಲಿ ಸತ್ತಿದ್ದರು.

ಈ ಲೋಕವನ್ನು ಬದಲಿಸಿದ್ದು ಕಮ್ಮಾರಸಾಲೆ. ಬೂಟಿನ ತಳಕ್ಕೆ ಕಟ್ಟುವ ಕಬ್ಬಿಣದ ಮೊನೆಗಳನ್ನು ಆಲ್ಪ್ಸ್‌ನ ರೈತರು, ಬೇಟೆಗಾರರು ಹಿಂದಿನಿಂದಲೂ ಬಲ್ಲರು. ಬ್ರಿಟಿಷ್ ಎಂಜಿನಿಯರ್ ಆಸ್ಕರ್ ಎಕೆನ್‌ಸ್ಟೈನ್ ಅವರು 1908ರ ಹೊತ್ತಿಗೆ ಕಾಲಿನ ಆಕಾರ, ಭಾರ, ಮೊನೆಗಳ ಜಾಗ ಎಲ್ಲವನ್ನೂ ಲೆಕ್ಕಹಾಕಿ ಹತ್ತು ಮೊನೆಗಳ ಕ್ರ್ಯಾಂಪಾನ್ ರೂಪಿಸಿದರು. ಇಟಲಿಯ ಕುರ್ಮಯರ್‌ನ ಕಮ್ಮಾರ ಹೆನ್ರಿ ಗ್ರಿವೆಲ್ ಮರುವರ್ಷ ಅದನ್ನು ಕುಲುಮೆಯಲ್ಲಿ ತಯಾರಿಸಿ ಮಾರತೊಡಗಿದರು. ಹಲವು ಹಿರಿಯ ಆರೋಹಿಗಳು ಇದನ್ನು ಒಪ್ಪಲಿಲ್ಲ. ಮೆಟ್ಟಿಲು ಕಡಿಯುವ ಕಲೆ ಹಾಳಾಗುತ್ತದೆ ಎಂಬ ಅಳಲು ಅವರದು. ಮೆಟ್ಟಿಲು ತಾವೇ ಕಡಿಯಬೇಕಾಗಿಲ್ಲದ ಪ್ರವಾಸಿಗಳ ಬಾಯಲ್ಲಿ ಆ ಅಳಲು ಅಷ್ಟು ಸುಲಭವಾಗಿ ಬಂತೆಂಬುದನ್ನು ನಾವು ಗಮನಿಸಬೇಕು. 1924ರಲ್ಲಿ ಆಸ್ಟ್ರಿಯಾದ ಗ್ರೋಸೆಸ್ ವೀಸ್‌ಬಾಖ್‌ಹಾರ್ನ್‌ನ ವಾಯವ್ಯ ಮುಖದಲ್ಲಿ ವಿಲ್ಲೊ ವೆಲ್ಜನ್‌ಬಾಖ್ ಮತ್ತು ಫ್ರಿಟ್ಜ್ ರೀಗೆಲೆ ಮಂಜುಗಡ್ಡೆಗೆ ಹೊಡೆಯುವ ಮೊಳೆಗಳನ್ನು ಬಳಸಿದರು. ಅಲ್ಲಿಂದ ಮುಂದೆ, ಒಬ್ಬ ಜಾರಿದರೆ ಎಲ್ಲರೂ ಸಾಯಬೇಕೆಂಬ ನಿಯಮ ಸಡಿಲವಾಯಿತು. ದಶಕ ಮುಗಿಯುವ ಹೊತ್ತಿಗೆ ಲೋರಾಂ ಗ್ರಿವೆಲ್ ಕ್ರ್ಯಾಂಪಾನ್‌ಗೆ ಮುಂದಕ್ಕೆ ಚಾಚಿದ ಎರಡು ಮೊನೆಗಳನ್ನು ಸೇರಿಸಿದರು. ಪಾದವನ್ನು ಚಪ್ಪಟೆಯಾಗಿ ಇಡುವ ಬದಲು ಬೂಟಿನ ತುದಿಯಿಂದಲೇ ಗೋಡೆಯನ್ನು ಒದ್ದು ಏರುವುದು ಇದರಿಂದ ಸಾಧ್ಯವಾಯಿತು.

ಎರಡು ಕಾಲಗಳು ಎದುರುಬದುರು ನಿಂತದ್ದು 1938ರ ಜುಲೈನಲ್ಲಿ, ಐಗರ್‌ನ ಉತ್ತರ ಮುಖದಲ್ಲಿ. ಅದು ಕುಲ್ವಾರ್ ಅಲ್ಲ. ಆದರೂ ಇಲ್ಲಿ ಬೇಕಾದ ಸಾಕ್ಷ್ಯ. ಫ್ರಿಟ್ಜ್ ಕಾಸ್ಪರೆಕ್ ಬಳಿ ಹತ್ತು ಮೊನೆಯ ಕ್ರ್ಯಾಂಪಾನ್, ಜೊತೆಗಾರ ಹೈನ್ರಿಶ್ ಹಾರರ್ ಬಳಿ ಅದೂ ಇಲ್ಲ, ಬರೀ ಮೊಳೆಯ ಬೂಟು. ಎರಡನೆಯ ಹಿಮಬಯಲಿನಲ್ಲಿ ಅವರು ಗಂಟೆಗಟ್ಟಲೆ ಮೆಟ್ಟಿಲು ಕಡಿದರು. ಒಂದು ದಿನ ತಡವಾಗಿ ಬುಡದಿಂದ ಹೊರಟ ಆಂಡರ್ಲ್ ಹೆಕ್‌ಮೇಯರ್ ಮತ್ತು ಲುಡ್ವಿಗ್ ಫೋರ್ಗ್ ಹನ್ನೆರಡು ಮೊನೆಯ ಕ್ರ್ಯಾಂಪಾನ್ ಕಟ್ಟಿದ್ದರು. ಅದೇ ಮೆಟ್ಟಿಲುಗಳ ಸಾಲಿನಲ್ಲಿ ಓಡುವಂತೆ ಏರಿ ಬಂದು ಇವರನ್ನು ಹಿಡಿದರು. ಮುಂದೆ ನಾಲ್ವರೂ ಒಂದಾಗಿ ಹತ್ತಿದರು.

ಕುಲ್ವಾರ್‌ಗಳಲ್ಲಿ ಆ ನಡುವೆ ನಡೆದ ಬದಲಾವಣೆಯನ್ನು ಎರಡು ದಾರಿಗಳು ತೋರಿಸುತ್ತವೆ. ವೆರ್ತ್ ಶಿಖರದ ಉತ್ತರ ಕಡೆಯ ದೊಡ್ಡ ಕೊರಕಲಿನ ಕಡೆಯಿಂದ 1929ರಲ್ಲಿ ಅಮೆರಿಕದ ಬ್ರಾಡ್‌ಫರ್ಡ್ ವಾಶ್‌ಬರ್ನ್ ಶಾಮೊನಿಯ ಗೈಡ್‌ಗಳೊಡನೆ ಹತ್ತಿದ್ದರು. 1932ರಲ್ಲಿ ಗ್ರೆನೋಬ್ಲ್‌ನ ವೈದ್ಯ ಮಾರ್ಸೆಲ್ ಕುತುರಿಯೇ ಅವರು ಆರ್ಮಾಂ ಶಾರ್ಲೆ ಮತ್ತು ಝೂಲ್ ಸಿಮೋಂ ಎಂಬ ಗೈಡ್‌ಗಳ ಜೊತೆ ಆ ಕೊರಕಲಿನಲ್ಲೇ ಏರಿದರು. ಹೆಸರು ಮತ್ತೆ ಕರೆದೊಯ್ದವರದೇ ಆಯಿತು. ಕ್ರ್ಯಾಂಪಾನ್ ಮೇಲೆ ಶಾರ್ಲೆ ಅವರ ವೇಗ ಶಾಮೊನಿಯಲ್ಲಿ ದಂತಕಥೆ. ವೆರ್ತ್ ನೆತ್ತಿಗೆ ಅವರು ತಮ್ಮ ಜೀವಮಾನದಲ್ಲಿ ನೂರಕ್ಕೂ ಹೆಚ್ಚು ಸಲ ಹತ್ತಿದವರು. ಎರಡು ವರ್ಷ ಕಳೆದು, 1934ರ ಆಗಸ್ಟ್‌ನಲ್ಲಿ, ಜುಸ್ತೊ ಜರ್ವಸೂಟ್ಟಿ ಮತ್ತು ರೆನಾಟೊ ಶಾಬೊ ಇಬ್ಬರೇ, ಗೈಡ್ ಇಲ್ಲದೆ, ಮೊಂಬ್ಲಾಂ ದು ತಾಕುಲ್‌ನ ಈಶಾನ್ಯ ಕೊರಕಲನ್ನು ಹತ್ತಿದರು. ಅದಿಂದು ಜರ್ವಸೂಟ್ಟಿ ಕುಲ್ವಾರ್. ದುಡಿದವರ ಹೆಸರೇ ದಾರಿಗೆ ಬಂದ ಈ ಪ್ರಸಂಗದಲ್ಲೂ ಇಬ್ಬರಲ್ಲಿ ಒಬ್ಬರು ಬಿಟ್ಟುಹೋದರು. ಆದರೂ ಹಣ ಕೊಟ್ಟವರು, ಕೂಲಿ ಪಡೆದವರು ಎಂಬ ಭೇದ ಅಲ್ಲಿ ಅಳಿಸಿತ್ತು. ಜರ್ವಸೂಟ್ಟಿ ಅದೇ ತಾಕುಲ್‌ನಲ್ಲಿ 1946ರಲ್ಲಿ ಬಿದ್ದು ಸತ್ತರು.

ಮುಂದಿನ ಹಂತವನ್ನು ಚುರುಕಾಗಿ ಹೇಳಬಹುದು, ಯಾಕೆಂದರೆ ಇದರ ಬಗ್ಗೆ ಬರವಣಿಗೆ ಹೇರಳವಾಗಿದೆ. 1966ರಲ್ಲಿ ಅಮೆರಿಕದ ಇವೊನ್ ಶುನಾರ್ಡ್ ಶಾಮೊನಿಗೆ ಬಂದಾಗ ಹಿಮಗೊಡಲಿಯ ಕೊಕ್ಕು ನೆಟ್ಟಗಿರುತ್ತಿತ್ತು. ಅದನ್ನು ಚುಚ್ಚಿ ತೂಗಿದರೆ ಕಳಚಿಕೊಳ್ಳುತ್ತಿತ್ತು. ಬೀಸುವ ಕೈಯ ಕಮಾನಿಗೆ ಹೊಂದುವಂತೆ ಕೊಕ್ಕನ್ನು ಬಾಗಿಸಿ, ಹಿಡಿಯನ್ನು 55 ಸೆಂಟಿಮೀಟರಿಗೆ ಇಳಿಸಿ, ಅಲ್ಲಿನ ಶಾರ್ಲೆ ಕಾರ್ಖಾನೆಯಿಂದ ಅವರು ಕೊಡಲಿ ಮಾಡಿಸಿದರು. ಎರಡು ಕೈಗೆ ಎರಡು ಕೊಕ್ಕು, ಎರಡು ಕಾಲಿಗೆ ಮುಂಚಾಚು ಮೊನೆ: ಇಷ್ಟಾದ ಮೇಲೆ ಮೆಟ್ಟಿಲೇ ಬೇಡವಾಯಿತು. 1975ರ ಮೇ ತಿಂಗಳಲ್ಲಿ ಝಾಂ-ಮಾರ್ಕ್ ಬುವಾವಾಂ ಮತ್ತು ಪಾಟ್ರಿಕ್ ಗಬಾರೂ ತಾಕುಲ್‌ನ ಪೂರ್ವ ಮುಖದಲ್ಲಿ ಹತ್ತಿದ ‘ಸೂಪರ್ ಕುಲ್ವಾರ್’ ಈ ಸಲಕರಣೆಗಳ ಕಾಲದ್ದು. ಅದಕ್ಕೂ ಮೊದಲೇ, 1968ರಲ್ಲಿ, ಸಿಲ್ವಾಂ ಸೋದಾಂ ವಿಂಪರ್ ಕುಲ್ವಾರ್‌ನಲ್ಲಿ ಸ್ಕೀ ಕಟ್ಟಿ ಇಳಿದಿದ್ದರು. ಕುತುರಿಯೇ ಕುಲ್ವಾರ್ ಅನ್ನು 1973ರಲ್ಲಿ ಸೆರ್ಜ್ ಕಾಶಾ-ರೊಸ್ಸೆ ಹಾಗೆಯೇ ಇಳಿದರು.

ವೇಗ ಹೆಚ್ಚಿದ್ದರಿಂದ ಕೊರಕಲು ಸೌಮ್ಯವಾಯಿತೆಂದು ತಿಳಿಯಬಾರದು. 1964ರ ಜುಲೈ 7ರಂದು ವೆರ್ತ್ ಇಳಿಜಾರಿನಲ್ಲಿ ಹಿಮ ಕುಸಿದು ಹದಿನಾಲ್ಕು ಜನ ಒಟ್ಟಿಗೇ ಸತ್ತರು. ಅವರು ಗೈಡ್ ತರಬೇತಿಯಲ್ಲಿದ್ದವರು ಮತ್ತು ಅವರ ಶಿಕ್ಷಕರು. 1962ರ ವಿಶ್ವ ಸ್ಕೀ ಸ್ಪರ್ಧೆಯಲ್ಲಿ ಸ್ಲಾಲಂ ಗೆದ್ದಿದ್ದ ಶಾರ್ಲ್ ಬೊಜೊಂ ಅವರಲ್ಲಿ ಒಬ್ಬರು. ಫ್ರಾನ್ಸ್‌ನಲ್ಲಿ ಹಿಮವನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ ಇದ್ದರು.

ಈಗ ಕೊರಕಲುಗಳೇ ಬದಲಾಗುತ್ತಿವೆ. ಗಾಸ್ತೊಂ ರೆಬ್ಯುಫಾ ಅವರು 1973ರಲ್ಲಿ ಮೊಂಬ್ಲಾಂ ಸಾಲಿನ ನೂರು ಸುಂದರ ದಾರಿಗಳನ್ನು ಆಯ್ದು ಪುಸ್ತಕ ಬರೆದಿದ್ದರು. ಝಾಕ್ ಮುರೆ ಮತ್ತು ಸಂಗಡಿಗ ವಿಜ್ಞಾನಿಗಳು ಅವುಗಳಲ್ಲಿ 95 ದಾರಿಗಳನ್ನು ಮತ್ತೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 93 ದಾರಿಗಳಲ್ಲಿ ಹವಾಮಾನ ಬದಲಾವಣೆಯ ಪರಿಣಾಮ ಕಂಡಿದೆ. 26 ದಾರಿಗಳು ತೀರಾ ಬದಲಾಗಿವೆ. ಮೂರು ಇಲ್ಲವೇ ಆಗಿವೆ. ಹಿಮದ ಹೊದಿಕೆ ತೆಳುವಾದರೆ ಕೆಳಗಿನ ಕಪ್ಪು ಮಂಜುಗಡ್ಡೆ ಬರಿದಾಗುತ್ತದೆ, ಬುಡದ ಬಿರುಕು ಅಗಲವಾಗುತ್ತದೆ, ಬಂಡೆಯ ಸಂದುಗಳನ್ನು ಶತಮಾನಗಳಿಂದ ಬೆಸೆದಿದ್ದ ಗಡ್ಡೆ ಕರಗಿ ಕಲ್ಲು ಬೀಳುವುದು ಹೆಚ್ಚುತ್ತದೆ. ಆಲ್ಪ್ಸ್‌ನ ಆಚೆಗೂ ಇದೇ ಪಾಡು. ಕೀನ್ಯಾ ಪರ್ವತದಲ್ಲಿ, ಸಮಭಾಜಕ ವೃತ್ತಕ್ಕೆ ತೀರಾ ಹತ್ತಿರ, 1973ರಲ್ಲಿ ಫಿಲ್ ಸ್ನೈಡರ್ ಮತ್ತು ತುಂಬಿ ಮತೆಂಗೆ ಹತ್ತಿದ ಡೈಮಂಡ್ ಕುಲ್ವಾರ್ ಒಂದು ಕಾಲಕ್ಕೆ ಜಗತ್ತಿನ ಹೆಸರಾಂತ ಮಂಜುಗಡ್ಡೆಯ ದಾರಿ. ಇಂದು ಅದರಲ್ಲಿ ಗಡ್ಡೆ ಕಟ್ಟುವುದನ್ನೇ ನೆಚ್ಚುವಂತಿಲ್ಲ. ವಿಂಪರ್ ಅವರು ಜೂನ್ ಕೊನೆಯಲ್ಲಿ ಹತ್ತಿದ ದಾರಿಯನ್ನೂ ಈಗಿನವರು ಹಿಮ ತುಂಬಿರುವ ವಸಂತ ಮತ್ತು ಬೇಸಿಗೆಯ ಆರಂಭಕ್ಕೆ ಹಿಂದೂಡುತ್ತಿದ್ದಾರೆ.

ಬದಲಾವಣೆಯ ಬಿಸಿ ನೇರವಾಗಿ ತಟ್ಟಿದ್ದು ಗೂತೇ ಕುಲ್ವಾರ್‌ಗೆ. ಮೊಂಬ್ಲಾಂಗೆ ಹೋಗುವ ಸಾಮಾನ್ಯ ದಾರಿಯಲ್ಲಿ ಇದನ್ನು ಹತ್ತುವುದಿಲ್ಲ, ಅಡ್ಡಲಾಗಿ ದಾಟುತ್ತಾರೆ. ದಾಟಲು ಬೇಕಾದದ್ದು ಕೆಲವೇ ನಿಮಿಷ. ಆದರೂ ಈ ಭಾಗದಲ್ಲಿ 1990ರಿಂದ 2011ರವರೆಗೆ 74 ಜನ ಸತ್ತಿದ್ದಾರೆ. 2022ರ ಜುಲೈನ ಬಿಸಿಗೆ ಕಲ್ಲು ಬೀಳುವುದು ವಿಪರೀತವಾದಾಗ ಶಾಮೊನಿ ಮತ್ತು ಸಾಂ-ಝೆರ್ವೆಯ ಗೈಡ್‌ಗಳ ಸಂಘಗಳು ಈ ದಾರಿಯಲ್ಲಿ ಪ್ರವಾಸಿಗಳನ್ನು ಕರೆದೊಯ್ಯುವುದನ್ನೇ ನಿಲ್ಲಿಸಿದವು. ಆಗಸ್ಟ್‌ನಲ್ಲಿ ಸಾಂ-ಝೆರ್ವೆಯ ಮೇಯರ್, ಹಟ ಹಿಡಿದು ಹೋಗುವವರು 15,000 ಯೂರೊ ಠೇವಣಿ ಇಡಬೇಕೆಂದರು: 10,000 ರಕ್ಷಣೆಗೆ, 5,000 ಅಂತ್ಯಕ್ರಿಯೆಗೆ. ಮೇಯರ್ ಮಾತು ಸುದ್ದಿಯಾಯಿತು, ಜಗತ್ತಿನ ಪತ್ರಿಕೆಗಳೆಲ್ಲ ಅದನ್ನೇ ಅಚ್ಚು ಹಾಕಿದವು. ಚರಿತ್ರೆಯ ದೃಷ್ಟಿಯಿಂದ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಗೈಡ್‌ಗಳ ತೀರ್ಮಾನ. ಕೊರಕಲಿನಲ್ಲಿ ಎಷ್ಟು ಹೊತ್ತು ಇರಬಹುದು ಎಂಬುದನ್ನು ಟ್ರಿಬುಸ್ಸರ್, ಇಮ್ಸೆಂಗ್ ಅವರಂಥವರೇ ಅಂದೂ ಅಳೆಯುತ್ತಿದ್ದರು. ಆದರೆ ಅವರ ಅಳತೆಯನ್ನು ಬರೆದಿಟ್ಟವರು ಬೇರೆಯವರು. 2022ರಲ್ಲಿ ಗೈಡ್‌ಗಳು ತಮ್ಮ ಅಳತೆಯನ್ನು ತಾವೇ, ಸಂಘದ ಹೆಸರಿನಲ್ಲಿ, ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದರು.